ಚಿಕ್ಕನರಸಯ್ಯನವರು ಮಸುಕು ಮಾಡಿಸಿದ ಮನೆ

ಎರಡು ಸಲ ಕೆಮ್ಮದೆ ಚಿಕ್ಕನರಸಯ್ಯನವರು ಯಾರ ಮನೆಯ ಗೇಟನ್ನೂ ತೆಗೆದವರಲ್ಲ. ಅದು ಕಾಯಿಲೆಯ ಕೆಮ್ಮಲ್ಲ. ಮೊದಲನೆಯದು ಯಾರೋ ಬಂದಿದ್ದಾರೆಂದು ಒಳಗಿನವರಿಗೆ ತಿಳಿಸುವುದಕ್ಕೆ. ನಾಲ್ಕು ಉಸಿರು ಬಿಟ್ಟು ಬರುವ ಎರಡನೆಯದು, ಸೆರಗು ಸರಿಮಾಡಿಕೊಳ್ಳುವವರು ಮಾಡಿಕೊಂಡಿರಬಹುದು, ಜಗಳವಾಡುತ್ತಿದ್ದವರು ದನಿ ತಗ್ಗಿಸಿರಬಹುದು ಎಂಬ ಭರವಸೆಗೆ. ಆಮೇಲೆ ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡೇ ಒಳಗೆ ಬಂದು, ಕರೆಂಟು ಮೀಟರಿನ ಗಾಜನ್ನು ಬಟ್ಟೆಯಿಂದ ಒರೆಸಿ, ಅಂಕಿ ಓದಿ, ಕೈಯಲ್ಲಿದ್ದ ಮೆಷಿನ್ನಿಗೆ ಒತ್ತಿ, ಹೊರಬಂದ ಬಿಲ್ಲನ್ನು ಅಕ್ಕಪಕ್ಕದವರ ಕಣ್ಣಿಗೆ ಬೀಳದಂತೆ ನಾಲ್ಕು ಮಡಿಕೆ ಮಡಿಸಿ ಹೊಸ್ತಿಲ ಮೇಲಿಟ್ಟು ಹೊರಡುವರು. ಮೂವತ್ತೊಂದು ವರ್ಷ ಮಧುಗಿರಿಯ ಬೀದಿಬೀದಿ ಹೀಗೆ ನಡೆದು ಅವರ ಕುತ್ತಿಗೆ ಬಲಕ್ಕೆ ವಾಲಿಕೊಂಡುಬಿಟ್ಟಿತ್ತು. ಮದುವೆಮನೆಯ ಪಂಕ್ತಿಯಲ್ಲಿ ಊಟಕ್ಕೆ ಕುಳಿತಾಗಲೂ ಛತ್ರದ ಗೋಡೆಯ ಮೇಲೆ ಏನನ್ನೋ ಓದುತ್ತಿರುವವರಂತೆ ಕಾಣುವರು.

ಬಣ್ಣಗೆಟ್ಟ ಖಾಕಿ ಕೋಟೊಂದು ಅವರ ಮೈಮೇಲೆ ಸದಾ ಇರುತ್ತಿತ್ತು. ಊರಿನ ಏಕಶಿಲೆಯ ಬೆಟ್ಟವೇ ಕಾದು ಸಂಜೆಯವರೆಗೂ ಬೀದಿಗಳ ಮೇಲೆ ಬಿಸಿಯುಸಿರು ಬಿಡುವ ಚೈತ್ರಮಾಸದಲ್ಲಿ ಕೂಡ ಅದನ್ನು ಕಳಚಿದವರಲ್ಲ. ಅದರ ಜೇಬುಗಳಿಗಿಂತ ಆಳವಾಗಿದ್ದುದು ಅವರ ಮೌನ. ಮೀಟರು ಬಹಳ ಮಾತಾಡುತ್ತದೆ. ಯಾವ ಮನೆಯಲ್ಲಿ ಇದ್ದಕ್ಕಿದ್ದಂತೆ ದೀಪಗಳು ಕಡಿಮೆಯಾದವು, ಯಾವ ಮನೆಯ ಫ್ಯಾನು ಹಗಲೂ ತಿರುಗತೊಡಗಿ ಅಲ್ಲೊಬ್ಬರು ಹಾಸಿಗೆ ಹಿಡಿದಿದ್ದಾರೆ, ಇವೆಲ್ಲ ಅವರಿಗೆ ಊರಿಗಿಂತ ಮೊದಲೇ ತಿಳಿಯುತ್ತಿದ್ದವು. ಹೆಣ್ಣು ನೋಡಲು ಶಿರಾದಿಂದ ಬಂದ ಹಿರಿಯರೊಬ್ಬರು ಒಮ್ಮೆ ಅವರನ್ನು ಬೀದಿಯಲ್ಲಿ ತಡೆದು, ಆ ಮನೆಯವರ ಅನುಕೂಲ ಹೇಗೆ, ಫ್ರಿಜ್ಜು ಗಿಜ್ಜು ಇದೆಯೇ ಎಂದು ವಿಚಾರಿಸಿದ್ದರಂತೆ. "ಅವ್ರ ಮನೆ ಮೀಟ್ರು ತಿರುಗ್ತೈತೆ ಕಣಪ್ಪಾ, ನಂಗೆ ಗೊತ್ತಿರಾದು ಅಷ್ಟೆ," ಎಂದು ಇವರು ಹೊರಟೇಬಿಟ್ಟರು. ಅವರ ಹೆಂಡತಿ ದಾಸಮ್ಮನಿಗೆ ಇದೊಂದು ತೀರದ ದೂರು. "ಇವ್ರ ಹೊಟ್ಟೆಯೊಳಗೆ ಇಡೀ ಊರೇ ಐತೆ. ಒಂದ್ ಮಾತು ಈಚೆಗೆ ಬರಾಕಿಲ್ಲ," ಎಂದು ನೆರೆಮನೆಯವರ ಮುಂದೆ ಆಡಿಕೊಳ್ಳುವಳು.

ಕಳೆದ ಶ್ರಾವಣದಲ್ಲಿ ಒಂದು ಕಾರು ಊರಿಗೆ ಬಂತು. ನೆತ್ತಿಯ ಮೇಲೆ ಕಂಬ, ಕಂಬದ ತುದಿಯಲ್ಲಿ ಸುತ್ತಲೂ ಕಣ್ಣಿದ್ದ ಕ್ಯಾಮೆರಾ. ಯಾವ ಮನೆಯ ಮುಂದೂ ನಿಲ್ಲದೆ, ಯಾರನ್ನೂ ಮಾತಾಡಿಸದೆ, ಅದು ಬೀದಿಯಿಂದ ಬೀದಿಗೆ ಹಾದುಹೋಯಿತು. ರಸ್ತೆ ಅಳೆಯುವವರಿರಬೇಕು ಎಂದುಕೊಂಡು ಚಿಕ್ಕನರಸಯ್ಯನವರು ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದರು.

ಅದು ಏನು ಮಾಡಿ ಹೋಯಿತೆಂಬುದು ಸಂಕ್ರಾಂತಿ ಕಳೆದ ಮೇಲೆ ಗೊತ್ತಾಯಿತು. ಬಸ್‌ಸ್ಟ್ಯಾಂಡಿನ ಬಳಿ ಮೊಬೈಲ್ ಅಂಗಡಿ ಇಟ್ಟಿದ್ದ ನವೀನ್ ಕುಮಾರನ ಫೋನಿನ ನಕ್ಷೆಯಲ್ಲಿ ಊರಿನ ಬೀದಿಗಳೆಲ್ಲ ಚಿತ್ರವಾಗಿ ಇವೆ, ನಿಂತಲ್ಲೇ ನಿಂತು ನಮ್ಮ ನಮ್ಮ ಮನೆ ನೋಡಬಹುದು ಎಂಬ ಸುದ್ದಿ ಹಬ್ಬಿ ಅಂಗಡಿಯ ಮುಂದೆ ಜನ ನೆರೆಯತೊಡಗಿದರು. ಅವನು ಚಿಕ್ಕನರಸಯ್ಯನವರನ್ನೂ ಕರೆದು ಸ್ಟೂಲಿನ ಮೇಲೆ ಕೂರಿಸಿ ಅವರ ಮನೆಯನ್ನೇ ಎದುರಿಗೆ ತಂದಿಟ್ಟ. ಮೆಟ್ಟಿಲ ಮೇಲೆ ದಾಸಮ್ಮ ಬೀದಿಗೆ ಬೆನ್ನು ಮಾಡಿ ಕುಳಿತು ತಲೆಗೂದಲು ಒಣಗಿಸಿಕೊಳ್ಳುತ್ತಿದ್ದಳು. ವಿಷಯ ತಿಳಿದ ಆಕೆಗೆ ಬಂದದ್ದು ಬೇರೆಯೇ ಸಿಟ್ಟು. "ತಲೆಗೆ ನೀರು ಹಾಕ್ಕಂಡು ಕುಂತಿದ್ದ ದಿನಾನೇ ಸಿಕ್ತಾ ಅವ್ರಿಗೆ? ರೇಷ್ಮೆ ಸೀರೆ ಉಟ್ಟಿದ್ದ ದಿನ ಬರಬಾರದಾಗಿತ್ತಾ?" ಎಂದಳು.

ಚಿಕ್ಕನರಸಯ್ಯನವರಿಗೆ ಮಾತ್ರ ಅಂಗಡಿಯಲ್ಲೇ ನಗು ನಿಂತುಹೋಗಿತ್ತು. ನವೀನ್ ಕುಮಾರನ ಬೆರಳು ಮುಂದಕ್ಕೆ ಸರಿದು ದೇವಸ್ಥಾನದ ಹಿಂದಿನ ಗಲ್ಲಿಗೆ ತಿರುಗಿ, ಗಂಗರತ್ನಮ್ಮನವರ ಗಿಳಿಹಸಿರು ಬಣ್ಣದ ಮನೆಯ ಮುಂದೆ ನಿಂತಿತು. ಆ ಮನೆಯ ಪಕ್ಕದ ಭಾಗದಲ್ಲಿ ಟೈಲರ್ ಶಿವಲಕ್ಷ್ಮಿ ಬಾಡಿಗೆಗಿದ್ದಳು. ಚಿತ್ರದಲ್ಲಿ ಅವಳು ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡು ಬಾಗಿಲಲ್ಲಿ ನಿಂತು, ಬಿಸಿಲಿಗೆ ಎಡಗೈ ಅಡ್ಡ ಹಿಡಿದಿದ್ದಳು. ಮುಖವನ್ನು ನಕ್ಷೆಯವರೇ ಮಸುಕು ಮಾಡಿದ್ದರು. ಆದರೆ ಆ ಎಡಗೈ ಮೊಣಕೈಯ ಬಳಿ ಸೊಟ್ಟಗೆ ಕೂಡಿಕೊಂಡದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಆ ಕೈಯನ್ನು ಮುರಿದವನಿಗೆ ಗುರುತು ಹಿಡಿಯಲು ಮುಖ ಬೇಕಾಗಿರಲಿಲ್ಲ.

ಆರು ವರ್ಷದ ಹಿಂದೆ ಅವಳು ಮಗಳು ಅನುಷಾಳನ್ನು ಕಟ್ಟಿಕೊಂಡು ಆ ಮನೆಗೆ ಬಂದ ತಿಂಗಳಲ್ಲೇ ಚಿಕ್ಕನರಸಯ್ಯನವರು, ಬಿಲ್ಲಿನ ಮೆಸೇಜು ಬರುವುದಕ್ಕೆ ಹೆಸರು, ಫೋನ್ ನಂಬರು ಕೊಡಮ್ಮ ಎಂದು ಕೇಳಿದ್ದರು. "ನನ್ ಹೆಸ್ರು ಎಲ್ಲೂ ಬರ್ಕಾಬೇಡಣ್ಣಾ," ಎಂದಳು. ಅವರು ಏಕೆಂದು ಕೇಳಲಿಲ್ಲ. ಮನೆಯೊಡತಿಯ ಹೆಸರನ್ನೇ ಉಳಿಸಿ ಹೊರಟರು. ಹಾಗೆ ಕೇಳದೆ ಹೋದದ್ದಕ್ಕೇ ಇರಬೇಕು, ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳೇ ನಾಲ್ಕು ಮಾತಿನಲ್ಲಿ ಎಲ್ಲವನ್ನೂ ಹೇಳಿದಳು. ಗಂಡ ಪಾವಗಡದ ಕಡೆಯವನು, ಗೂಡ್ಸ್ ಗಾಡಿ ಓಡಿಸುವವನು. ಸಿಕ್ಕರೆ ಇನ್ನೊಂದು ಕೈಯನ್ನೂ ಮುರಿಯುತ್ತೇನೆಂದು ತವರಿನವರ ಮುಂದೆ ಆಣೆ ಮಾಡಿ ಹೋಗಿದ್ದವನು. ಅಂಥವನ ಸ್ಟಿಯರಿಂಗಿನ ಎದುರಿಗೆ ಹಗಲಿಡೀ ತೆರೆದಿರುತ್ತಿದ್ದುದೂ ಇದೇ ನಕ್ಷೆ.

"ಇದುನ್ನ ಅಳಿಸೋಕೆ ಆಗ್ತೈತೇನಪ್ಪಾ?" ಎಂದು ಅವರು ನವೀನ್ ಕುಮಾರನನ್ನು ಮೆಲ್ಲಗೆ ಕೇಳಿದರು.

"ಯಾವ್ ಮನೇದು ಸಾರ್?"

"ಒಬ್ರದು. ಯಾರ್ದು ಅಂತ ಕೇಳ್ಬ್ಯಾಡ."

ಮನೆಯವರೇ ಫೋನಿನಿಂದ ಕೇಳಿಕೊಂಡರೆ ಇಡೀ ಮನೆಯನ್ನು ಮಸುಕು ಮಾಡುತ್ತಾರೆ ಎಂದು ಅವನು ವಿವರಿಸಿದ. "ಆದ್ರೆ ಒಂದ್ ಸಲ ಮಸುಕಾಯ್ತು ಅಂದ್ರೆ ಮುಗೀತು. ಆಮೇಲೆ ಬೇಕು ಅಂದ್ರೂ ವಾಪಸ್ ಬರಲ್ಲ."

ಅವರು ನೇರವಾಗಿ ಆ ಗಲ್ಲಿಗೆ ನಡೆದರು. ವಿಷಯ ಕೇಳಿದ ಶಿವಲಕ್ಷ್ಮಿ ಅಳಲಿಲ್ಲ. ಹೊಲಿದಿಟ್ಟಿದ್ದ ರವಿಕೆಗಳನ್ನು ಒಂದೊಂದಾಗಿ ಮಡಿಸಿ, ಯಾರ್ಯಾರದೆಂದು ಚೀಟಿ ಸಿಕ್ಕಿಸತೊಡಗಿದಳು. "ಇವನ್ನೆಲ್ಲ ಅವ್ರವ್ರಿಗೆ ಮುಟ್ಟಿಸ್ಬುಡಣ್ಣಾ. ನಾಳೆ ನಾವು ಖಾಲಿ ಮಾಡ್ತೀವಿ."

"ಎಲ್ಲಿಗೋಗ್ತೀಯಮ್ಮಾ?"

"ಕೊರಟಗೆರೆಗೋ ಎಲ್ಲಿಗೋ. ಬಸ್ ಎಲ್ಲಿಗೋಗ್ತೈತೋ ಅಲ್ಲಿಗೆ."

ಅಂದು ಚಿಕ್ಕನರಸಯ್ಯನವರು ಮೂವತ್ತೊಂದು ವರ್ಷದಲ್ಲಿ ಮಾಡದ ಕೆಲಸವೊಂದನ್ನು ಮಾಡಿದರು. ಗೋಡೆಯಿಂದ ಮುಖ ತಿರುಗಿಸಿ ಆ ಮನೆಯೊಳಗೆ ನೋಡಿದರು. ಕಿಟಕಿಯ ಬೆಳಕಿಗೆ ಇಟ್ಟ ಹೊಲಿಗೆ ಮೆಷಿನ್ನು, ಚೊಕ್ಕವಾಗಿ ಜೋಡಿಸಿದ ದಾರದ ಉಂಡೆಗಳು, ಗೋಡೆಗೆ ಅಂಟಿಸಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆಯ ವೇಳಾಪಟ್ಟಿ. ಅದರ ಸುತ್ತ ಅನುಷಾ ಪೆನ್ಸಿಲ್ಲಿನಲ್ಲಿ ಬರೆದ ಬಳ್ಳಿ. ಪರೀಕ್ಷೆಗೆ ಎರಡು ತಿಂಗಳೂ ಇರಲಿಲ್ಲ.

"ಹತ್ತು ದಿನ ಕೊಡವ್ವಾ ನಂಗೆ. ಹತ್ತೇ ದಿನ. ಆಮೇಲೂ ಭಯ ಆದ್ರೆ ನಾನೇ ನಿಂತು ಸಾಮಾನು ಹೊರಿಸ್ತೀನಿ."

ಅವಳು ಆಗಲೆಂದು ತಲೆಯಾಡಿಸಿದಳು. ಆದರೂ ಅಂದೇ ಎರಡು ಟ್ರಂಕು ತುಂಬಿ ಬಾಗಿಲ ಬಳಿ ಇಟ್ಟುಕೊಂಡಳು. ಗೋಡೆಯ ಮೇಲಿದ್ದ ಟೈಲರ್ ಬೋರ್ಡನ್ನೂ ಬಿಚ್ಚಿ ಒಳಗಿಟ್ಟಳು.

ಬಾಡಿಗೆಯವರೂ ಕೇಳಿಕೊಳ್ಳಬಹುದಿತ್ತು. ಆದರೆ ಮನೆ ಗಂಗರತ್ನಮ್ಮನವರದು, ಮಸುಕಾದರೆ ಮತ್ತೆ ಬಾರದ್ದು. ಅವರಿಗೆ ಹೇಳದೆ ಮಾಡುವುದು ಚಿಕ್ಕನರಸಯ್ಯನವರ ಜಾಯಮಾನವಲ್ಲ. ಗಂಗರತ್ನಮ್ಮನವರಿಗೋ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಒದಗಿಬಂದ ದೊಡ್ಡ ಸಂಭ್ರಮವೇ ಆ ಚಿತ್ರ. ತಮ್ಮ ಮನೆಯ ಬಣ್ಣವನ್ನು ಬಡವನಹಳ್ಳಿಯ ತಂಗಿ ಫೋನಿನಲ್ಲೇ ನೋಡಿದಳೆಂದು ಹಿಟ್ಟಿನ ಗಿರಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ಅವರ ಜಗಲಿಯ ಮೇಲೆ ಕುಳಿತು, ನೀರು ಕುಡಿದು, ಬಿಸಿಲಿನ ಮಾತಾಡಿ, ಕೊನೆಗೂ ಚಿಕ್ಕನರಸಯ್ಯನವರು ಬಾಯಿಬಿಟ್ಟರು.

"ಅಕ್ಕಾ, ಫೋನಿನಾಗೆ ನಿಮ್ಮನೆ ಕಾಣ್ತೈತಲ್ಲ, ಅದು ಕಾಣದಂಗೆ ಮಾಡಿಸ್ಬೇಕಾಗೈತೆ."

"ಏನಂದೆ? ಬಣ್ಣ ಹೊಡ್ಸಿ ಇನ್ನೂ ಎರಡ್ ವರ್ಷ ಆಗಿಲ್ಲ ಕಣೋ! ಯಾಕಂತೆ?"

"ಯಾಕೆ ಅಂತ ಹೇಳಾಕಾಗಲ್ಲ ಅಕ್ಕಾ."

"ಹೇಳ್ದೆ ಇದ್ರೆ ನಾನೆಂಗೆ ಒಪ್ಪಲಿ?"

ನಿಜ ಹೇಳಿದರೆ ಒಬ್ಬಳು ನಂಬಿ ಒಪ್ಪಿಸಿದ್ದನ್ನು ಬಿಟ್ಟುಕೊಟ್ಟಂತೆ, ಸುಳ್ಳು ಹೇಳಲು ನಾಲಿಗೆ ಏಳದು. "ಇಷ್ಟ್ ವರ್ಷದಾಗೆ ನಿಮ್ಮನೇಲಿ ಕುಡಿಯೋ ನೀರು ಬುಟ್ರೆ ಏನೂ ಕೇಳಿಲ್ಲ ನಾನು. ಇದೊಂದು ಕೇಳ್ತಾ ಇವ್ನಿ," ಎಂದಷ್ಟೇ ಹೇಳಿ ತಲೆ ತಗ್ಗಿಸಿ ಕುಳಿತರು.

ಗಂಗರತ್ನಮ್ಮ ಅವರನ್ನೇ ದಿಟ್ಟಿಸಿದರು. ಪಕ್ಕದ ಭಾಗದಲ್ಲಿ ಮೆಷಿನ್ನಿನ ಸದ್ದು ನಿಂತಿರುವುದನ್ನು ಆಲಿಸಿದರು. ಆಮೇಲೆ ದನಿ ತೀರ ತಗ್ಗಿಸಿ ಹೇಳಿದರು. "ಆ ಹುಡುಗಿ ಕೈಯ ನಾನು ನೋಡಿಲ್ಲ ಅಂದ್ಕಂಡಿದ್ದೀಯಾ? ಬಂದ ದಿನ ಬಿಸ್ನೀರು ಕಾಯ್ಸಿ ಮೈ ತೊಳೆದೋಳು ನಾನು ಕಣೋ. ಬೆನ್ನಿನ ಮೇಲೆ ಏನೇನಿತ್ತು ಅಂತ ನಂಗೊತ್ತು. ಆರು ವರ್ಷ ಆಯ್ತು, ಹೆತ್ತ ಮಗನಿಗೂ ಹೇಳಿಲ್ಲ." ಕೊನೆಗೆ, "ಮಾಡಿಸ್ಬುಡು. ಬಣ್ಣ ನನ್ ಕಣ್ಣಿಗೆ ಕಂಡ್ರೆ ಸಾಕು," ಎಂದರು.

ಒಂದೇ ಗುಟ್ಟನ್ನು ಅವರಿಬ್ಬರೂ ಒಬ್ಬರದು ಇನ್ನೊಬ್ಬರಿಗೆ ತಿಳಿಯದಂತೆ ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದರು. ಚಿಕ್ಕನರಸಯ್ಯನವರು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು ಎದ್ದರು.

ಅಂದು ಸಂಜೆ ಅನುಷಾ ಶಾಲೆಯಿಂದ ಬಂದ ಮೇಲೆ ನಾಲ್ವರೂ ಒಂದು ಫೋನಿನ ಸುತ್ತ ಕುಳಿತರು. ಮಸುಕಾಗಬೇಕಾದುದರ ಮೇಲೆ ಕೆಂಪು ಚೌಕವನ್ನು ಎಳೆದು ತರಬೇಕಿತ್ತು. ಕಾರಣ ಬರೆಯುವುದಕ್ಕೂ ಒಂದಿಷ್ಟು ಜಾಗವಿತ್ತು. ಏನು ಬರೆಯಲಿ ಎಂದು ಹುಡುಗಿ ತಾಯಿಯ ಮುಖ ನೋಡಿದಳು. "ಇದು ನಾವು ಇರೋ ಮನೆ ಅಂತ ಬರಿ. ಕಾಣಿಸ್ಬಾರ್ದು ಅಂತ ಬರಿ," ಎಂದಳು ಶಿವಲಕ್ಷ್ಮಿ. ಅಷ್ಟನ್ನೇ ಬರೆದು ಕಳಿಸಿದರು. ಅಲ್ಲಿಗೆ ಮುಗಿಯಿತೆಂದು ಉಳಿದವರು ಅಂದುಕೊಂಡರೂ ಚಿಕ್ಕನರಸಯ್ಯನವರು ಒಪ್ಪಲಿಲ್ಲ. ಯಾವ ಮನೆ ಎಲ್ಲಿಂದ ಕಾಣುತ್ತದೆ ಎಂಬುದನ್ನು ಕಾಲಿನಿಂದಲೇ ಕಲಿತವರು ಅವರು. ಗಲ್ಲಿಗೆ ಹೋಗಿ ನಲ್ಲಿಯ ಬಳಿ, ಟ್ರಾನ್ಸ್‌ಫಾರ್ಮರಿನ ಮೂಲೆಯಲ್ಲಿ, ದೇವಸ್ಥಾನದ ಹಿಂಗೋಡೆಯ ತಿರುವಿನಲ್ಲಿ ನಿಂತು ನೋಡಿ ಬಂದು, ಒಟ್ಟು ಐದು ಕಡೆಯಿಂದ ಆ ಬಾಗಿಲು ಕಾಣುತ್ತದೆಂದು ಲೆಕ್ಕ ಕೊಟ್ಟರು. ಅನುಷಾ ಐದು ಸಲ ಕಳಿಸಿದಳು.

ನಾಲ್ಕನೆಯ ದಿನ ಗಲ್ಲಿಯ ಬಾಯಲ್ಲಿ ಅಪರಿಚಿತನೊಬ್ಬ ಕೈಯಲ್ಲಿ ಫೋನು ಹಿಡಿದು, ಎದುರಿನ ಮನೆಗಳನ್ನೂ ಪರದೆಯನ್ನೂ ಹೋಲಿಸಿ ನೋಡುತ್ತ ನಿಂತಿದ್ದ. ಬಿಲ್ಲು ಹಂಚುತ್ತಿದ್ದ ಚಿಕ್ಕನರಸಯ್ಯನವರನ್ನು ಕಂಡು ಹತ್ತಿರ ಬಂದ. "ಅನ್ನಾ, ಈ ಪಚ್ಚ ಬಣ್ಣದ ಇಲ್ಲು ಎಕ್ಕಡ ಬರ್ತೈತೆ?" ಎಂದು ಪಾವಗಡದ ತೆಲುಗು ಬೆರೆತ ಮಾತಿನಲ್ಲಿ ಕೇಳಿ, ಗಿಳಿಹಸಿರು ಮನೆಯ ಚಿತ್ರವನ್ನು ಅವರ ಮುಖಕ್ಕೆ ಹಿಡಿದ. ಅವರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ.

"ಬಿಸ್ಲಾಗೆ ಬಂದಿದ್ದೀಯ, ಮೊದ್ಲು ಟೀ ಕುಡಿಯಪ್ಪಾ," ಎಂದು ಗಲ್ಲಿಯ ಬಾಯಲ್ಲಿದ್ದ ಟೀ ಅಂಗಡಿಯ ಬೆಂಚಿನ ಮೇಲೆ ಕೂರಿಸಿದರು. ಹೆಸರು ಓಬಳೇಶ ಎಂದ. ಹುಟ್ಟಿದ್ದು ಪಾವಗಡದ ಕಡೆ, ಈಗ ಇರುವುದು ಶಿರಾ ಕಡೆಯ ತಾವರೆಕೆರೆ. ಹೆಂಡತಿಯ ರವಿಕೆ ಬಿಗಿಯಾಗಿದೆ, ನಾಡಿದ್ದು ನೆಂಟರ ಮದುವೆ, ಸಡಿಲಿಸಿಕೊಂಡು ಬಾ ಎಂದು ಅವಳೇ ಮನೆಯ ಚಿತ್ರ ಕಳಿಸಿ ಅಟ್ಟಿದ್ದಾಳೆ ಎಂದ. ನಂಬುವಂಥ ಮಾತೇ. ಅದಕ್ಕೇ ಅವರಿಗೆ ಇನ್ನಷ್ಟು ಅನುಮಾನ.

"ಆ ಚೀಲ ಕೊಡು. ನೀನು ಇಲ್ಲೇ ಕುಂತಿರು. ಅವ್ರನ್ನ ಕೇಳ್ಕಂಡ್ ಬತ್ತೀನಿ," ಎಂದು ಎದ್ದರು.

ಶಿವಲಕ್ಷ್ಮಿ ಚೀಲದೊಳಗಿನ ರವಿಕೆ ತೆಗೆದು, ಒಳಮೈ ತಿರುವಿ, ಕಂಕುಳ ಬಳಿಯ ಹೊಲಿಗೆಯನ್ನು ಬೆಳಕಿಗೆ ಹಿಡಿದಳು. "ನನ್ ಹೊಲಿಗೇನೇ ಅಣ್ಣಾ! ಎರಡ್ ಸುತ್ತು ಹಾಕೋಳು ನಾನೊಬ್ಳೇ. ತಾವರೆಕೆರೆ ಅಕ್ಕಂದು ಇದು. ದೀಪಾವಳೀಲಿ ಹೊಲ್ಕೊಟ್ಟಿದ್ದೆ." ಹೇಳುತ್ತ ಹೇಳುತ್ತ ನಗುವೂ ಅಳುವೂ ಒಟ್ಟಿಗೇ ಬಂದು, ಅಲ್ಲೇ ಟ್ರಂಕಿನ ಮೇಲೆ ಕುಳಿತುಬಿಟ್ಟಳು. ಅರ್ಧ ಗಂಟೆಯಲ್ಲಿ ರವಿಕೆ ಸಡಿಲವಾಗಿ, ಚಿಕ್ಕನರಸಯ್ಯನವರ ಕೈಯಿಂದಲೇ ಟೀ ಅಂಗಡಿಗೆ ಮರಳಿತು. ಮನೆಯ ಬಾಗಿಲನ್ನು ನೋಡದೆಯೇ ಓಬಳೇಶ ಸಂತೋಷವಾಗಿ ಶಿರಾ ಬಸ್ಸು ಹತ್ತಿದ.

ಎಂಟನೆಯ ದಿನ ಬೆಳಿಗ್ಗೆ ಅನುಷಾ ಯೂನಿಫಾರ್ಮಿನಲ್ಲೇ ಅವರನ್ನು ಹುಡುಕಿಕೊಂಡು ಬಂದಳು. "ಅಂಕಲ್, ಹೋಯ್ತು! ನೋಡಿ, ಹೋಯ್ತು!" ಅಕ್ಕಪಕ್ಕದ ಮನೆಗಳು ಎಂದಿನಂತಿದ್ದವು, ನಲ್ಲಿಯ ಬಳಿ ಕೊಡಗಳ ಸಾಲೂ ಹಾಗೇ ಇತ್ತು, ನಡುವೆ ಒಂದು ಮನೆ ಮಾತ್ರ ಹಬೆ ಕಟ್ಟಿದ ಗಾಜಿನ ಹಿಂದೆ ಸರಿದಂತೆ ಕರಗಿಹೋಗಿತ್ತು. ಬಾಗಿಲಿಲ್ಲ, ಟೇಪಿಲ್ಲ, ಬಿಸಿಲಿಗೆ ಎತ್ತಿದ ಆ ಕೈಯಿಲ್ಲ. ದೇವಸ್ಥಾನದ ತಿರುವಿನಿಂದ ಕಾಣುತ್ತಿದ್ದುದೊಂದು ಉಳಿದಿತ್ತು, ಅದೂ ಮತ್ತೆರಡು ದಿನಕ್ಕೆ ಹೋಯಿತು. ಅಂದು ಗಂಗರತ್ನಮ್ಮ ಶಾವಿಗೆ ಪಾಯಸ ಮಾಡಿದರು. ಶಿವಲಕ್ಷ್ಮಿ ಟ್ರಂಕುಗಳನ್ನು ಬಿಚ್ಚಿ ಪಾತ್ರೆಗಳನ್ನು ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಏರಿಸಿದಳು. ಮೆಷಿನ್ನು ಮತ್ತೆ ಸದ್ದು ಮಾಡಿತು. ಮಾರ್ಚಿ ತಿಂಗಳಲ್ಲಿ ಅನುಷಾ ಅದೇ ಮನೆಯಿಂದ ಹೊರಟು ಪರೀಕ್ಷೆ ಬರೆದು ಬಂದಳು. ಅವಳ ತಂದೆ ಈ ದಿನದವರೆಗೂ ಆ ಗಲ್ಲಿಗೆ ಬಂದಿಲ್ಲ.

ಯಾವ ಊರಿನಲ್ಲೂ ಇಂಥವರು ಕೆಲವರಾದರೂ ಇದ್ದೇ ಇರುತ್ತಾರೆ: ಹಾಲು ಹಾಕುವವರು, ಸೂಜಿಮದ್ದು ಕೊಡಲು ಮನೆಗೇ ಬರುವ ನರ್ಸಮ್ಮಂದಿರು, ಸಿಲಿಂಡರ್ ಹೊತ್ತು ಅಡುಗೆಮನೆಯವರೆಗೂ ಹೋಗುವವರು. ಕೆಲಸವೇ ಅವರನ್ನು ಪರರ ಹೊಸ್ತಿಲಿಗೆ ಕರೆತರುತ್ತದೆ, ಬಯಸದಿದ್ದರೂ ಬಹಳಷ್ಟನ್ನು ಕಾಣಿಸುತ್ತದೆ. ಕಂಡದ್ದನ್ನು ಎಲ್ಲಿ ಇಳಿಸಿಡಬೇಕೆಂದು ಯಾರೂ ಅವರಿಗೆ ಕಲಿಸಿಕೊಟ್ಟಿರುವುದಿಲ್ಲ. ತಮ್ಮೊಳಗೇ ಇಳಿಸಿಕೊಂಡು ಮುಂದಿನ ಮನೆಗೆ ನಡೆಯುತ್ತಾರೆ. ಅವರು ಆಡದೆ ಉಳಿಸಿದ ಮಾತಿಗೆ ಸಾಕ್ಷಿಯಿರುವುದಿಲ್ಲವಾದ್ದರಿಂದ ಸಭೆ ಸೇರಿಸಿ ಶಾಲು ಹೊದಿಸುವವರೂ ಇರುವುದಿಲ್ಲ. ಆದರೂ ಒಂದು ಊರಿನ ಹೆಂಗಸರು ಬಾಗಿಲು ತೆರೆದಿಟ್ಟುಕೊಂಡು ಬೆಳಕಿನಲ್ಲಿ ಕುಳಿತು ನಿಶ್ಚಿಂತೆಯಿಂದ ಹೊಲಿಯುತ್ತಿದ್ದಾರೆಂದರೆ, ಆ ಬೀದಿಯಲ್ಲಿ ಇಂಥವರೊಬ್ಬರು ಓಡಾಡುತ್ತಿದ್ದಾರೆಂದೇ ತಿಳಿಯಬೇಕು.