ಬೇಲಿ ಬದಿಯ ಪೈಪು

ಹಗ್ಗದ ತುದಿಯನ್ನು ಗಡಿಕಲ್ಲಿಗೆ ಕಟ್ಟಿ ಗಂಗಾಧರಯ್ಯ ಬೇಲಿಯುದ್ದಕ್ಕೂ ಅಳೆಯುತ್ತ ಬಂದ. ಅತ್ತ ಜಗಲಿಯ ಮೇಲೆ ಅವನ ಅಣ್ಣ ಪಂಚಾಕ್ಷರಯ್ಯನ ಹೆಣಕ್ಕೆ ವಿಭೂತಿ ಬಳಿದು ಕೂರಿಸಿದ್ದರು. ಇತ್ತ ತಮ್ಮನಿಗೆ ನೆಲದ ಚಿಂತೆ.

“ಗುಣಿ ಇಲ್ಲೇ ಆಗ್ಬೇಕು ಅಂತ ಯಾರಂದ್ರು?”

“ನಿಮ್ಮಣ್ಣೋರೇ ಯೋಳಿದ್ರಂತೆ, ಬೇಲಿ ಮಗ್ಗುಲಲ್ಲೇ ಮಡಗಿ ಅಂತ,” ಎಂದ ಗುದ್ದಲಿ ಹಿಡಿದಿದ್ದ ನೆರೆಹೊಲದ ಬೈರಯ್ಯ.

ಸತ್ತ ಮೇಲೂ ಬಿಡಲೊಲ್ಲನಲ್ಲ ಅಣ್ಣ! ಇಲ್ಲೊಂದು ಗದ್ದುಗೆ ಎದ್ದರೆ ಮುಗಿಯಿತು. ಅದನ್ನು ಕದಲಿಸುವ ಧೈರ್ಯ ಯಾವ ಪಂಚಾಯಿತಿಗಿದೆ? ಬೇಲಿಗೆ ತಾಗಿದ ತನ್ನ ತೆಂಗಿನ ಸಸಿಗಳ ಸಾಲು ನಿಧಾನವಾಗಿ ಅತ್ತ ಜಾರುವುದೇ ಸೈ. ಗಂಗಾಧರಯ್ಯ ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಎಳೆದ.

*

ಪಾಲಾದಾಗ ಬಾವಿ ಅಣ್ಣನಿಗೆ ಹೋಗಿತ್ತು. “ನೀರು ತಗೊಳ್ಳೋ,” ಎಂದಿದ್ದ ಅಣ್ಣ. “ಗಂಟಲು ಒಣಗಿ ಸತ್ತೇನು, ಆ ನೀರು ಮುಟ್ಟಲ್ಲ,” ಎಂದು ಹತ್ತು ಜನರೆದುರು ಕೂಗಿದ್ದ ಗಂಗಾಧರಯ್ಯ. ಅಂದಿನಿಂದ ಕೆರೆಯಿಂದ ಬಿಂದಿಗೆ ಹೊತ್ತ. ಸಸಿಗಳು ಹುಲುಸಾಗಿ ಎದ್ದವು. ಸಂಜೆ ಹೊಯ್ದ ನೀರು ಮಾರನೆಯ ಸಂಜೆಯವರೆಗೂ ಆರುವುದಿಲ್ಲವೆಂದು ದುದ್ದದ ಸಂತೆಯಲ್ಲೆಲ್ಲ ಹೇಳಿಕೊಂಡು ತಿರುಗಿದ.

ಪಾಲಾದ ವರ್ಷ ದೇಶದೇಶಗಳ ಲಡಾಯಿ ನಡೆಯುತ್ತಿತ್ತು, ಹೊಸ ಪೈಪು ಕಣ್ಣಿಗೂ ಬೀಳುತ್ತಿರಲಿಲ್ಲ. ಹಾಸನದ ಬಂಗಲೆಯೊಂದರ ಹರಾಜಿನಲ್ಲಿ ಅಣ್ಣ ಹೂದೋಟಕ್ಕೆ ನೀರು ಜಿನುಗಿಸುವ ಹಳೆಯ ಕ್ಯಾನ್ವಾಸು ಪೈಪೊಂದನ್ನು ತಂದ. ಎರಡೂ ಮಗ್ಗುಲು ಹರಿದು ಜರಡಿಯಾಗಿತ್ತು. ಸಂಜೆಯಾದರೆ ಬೇಲಿಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ದಬ್ಬಳದಲ್ಲಿ ಹೊಲಿಯುತ್ತಿದ್ದ, ಹೊಲಿಗೆಯ ಮೇಲೆ ಹಲಸಿನ ಮೇಣ ಮೆತ್ತುತ್ತಿದ್ದ.

ಪೈಪು ಹೊಲಿಯಲು ಬೇಲಿಯೇ ಬೇಕೆ? ಅಣ್ಣನ ಕೈ ಬೇಲಿಯ ಕೆಳಗೆ ತೂರುವುದನ್ನು ಗಂಗಾಧರಯ್ಯ ಕಣ್ಣಾರೆ ಕಂಡಿದ್ದ. ಕಲ್ಲು ಕೀಳುತ್ತಾನೆ ಎಂದುಕೊಂಡು ಗಡಿಕಲ್ಲಿನ ಬುಡಕ್ಕೆ ಸುಣ್ಣದ ಗೀಟು ಎಳೆದ. ಗೀಟು ಅಲ್ಲಾಡಲಿಲ್ಲ. ಕಳ್ಳ, ತಾನೂ ಸುಣ್ಣ ಇಟ್ಟುಕೊಂಡಿದ್ದಾನೆ ಎಂದುಕೊಂಡ.

*

ಅಳತೆ ಸರಿಯಾಗಿಯೇ ಬಂತು. ಅದೂ ಅನುಮಾನವೇ ಆಯಿತು.

ಗುದ್ದಲಿ ಠಣ್ಣೆಂದಿತು. “ಕಲ್ಲಾಗದೆ ಕಣ್ರೀ ನೆಲ! ಪೈಪು ಇಲ್ಲೇ ಅದೆ, ಒಸಿ ನೀರು ಬುಡ್ತೀನಿ, ನೆನೀಲಿ,” ಎಂದು ಬೈರಯ್ಯ ಬಾವಿಕಟ್ಟೆಗೆ ಹೋಗಿ ತೊಟ್ಟಿಯ ಬೆಣೆ ಕಿತ್ತ.

ದಿನಾ ನೀರು ಬಿಡುವ ಜಾಗ ಕಲ್ಲಾಗುವುದು ಹೇಗೆ? ಗಂಗಾಧರಯ್ಯ ಪೈಪಿನ ಮೇಲಿನ ತರಗೆಲೆಯನ್ನು ಕಾಲಿನಿಂದ ಸರಿಸಿದ. ಪೈಪು ಹೊಟ್ಟೆ ಉಬ್ಬಿಸಿಕೊಂಡು ಬಂತು. ಗುಣಿಯ ಕಡೆ ಒಂದು ಹನಿಯೂ ಇಲ್ಲ. ಬೇಲಿಯ ಕಡೆಯ ಮಗ್ಗುಲಿಂದ ಮಾತ್ರ ನೀರು ಜಿನುಗಿ, ಬೇಲಿಯಡಿ ನುಸುಳಿ, ಅವನ ಸಸಿಗಳ ಬುಡಕ್ಕೆ ಹೋಯಿತು.

ಹಿಂತಿರುಗಿದ ಬೈರಯ್ಯ ಬಗ್ಗಿ ನೋಡಿದ. “ಇದೇನ್ ಇಂಗೆ? ಈ ಮಗ್ಗುಲೆಲ್ಲಾ ಒಲ್ದವ್ರೆ, ಆ ಮಗ್ಗುಲು ಅಂಗೇ ಬುಟ್ಟವ್ರೆ!”

ಗುಣಿ ನೋಡಲು ಬಂದಿದ್ದ ಅತ್ತಿಗೆ ರೇವಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡಳು. “ನಾನೂ ಕೇಳ್ದೆ. ಆ ಕಡೆ ಒಲಿಯೋಕೆ ಕಣ್ಣು ಕಾಣಾಕಿಲ್ಲ ಕಣೆ, ಸುಮ್ಕಿರು ಅಂದ್ರು.”

ಗಂಗಾಧರಯ್ಯ ಮೇಣ ಮೆತ್ತಿದ ಹೊಲಿಗೆಯ ಮೇಲೆ ಬೆರಳಾಡಿಸಿದ. ಒಡಹುಟ್ಟಿದವನನ್ನು ಇಷ್ಟು ವರ್ಷ ಕಳ್ಳನೆಂದು ಕಾದಿದ್ದನಲ್ಲ!

“ಅಳತೆ ಏನ್ ಬಂತು? ಗುಣಿ ಒಸಿ ದೂರ ತೋಡಾನಾ?” ಎಂದು ಬೈರಯ್ಯ ಕೇಳಿದ.

ಹಗ್ಗ ಕೈಜಾರಿ ಕೆಸರಿಗೆ ಬಿದ್ದಿತ್ತು. ಗಂಗಾಧರಯ್ಯ ಮಂಡಿಯೂರಿ, ಹೊಲಿಯದೆ ಬಿಟ್ಟ ತೂತೊಂದಕ್ಕೆ ಬೊಗಸೆ ಒಡ್ಡಿ, ಅದು ತುಂಬುವವರೆಗೂ ಕಾದು ಕುಡಿದ.