ಹೇಳಬಾರದ ಹೆಸರು

ಬೇರು, ಎಲೆ, ಮಣ್ಣು ಸಮೇತ ಗಿಡವೊಂದನ್ನು ಹಜರತಬಿ ಡಾಕ್ಟರ ಮೇಜಿನ ಮೇಲಿಟ್ಟಳು. ಅದರ ಹೆಸರನ್ನು ಮಾತ್ರ ಬಾಯಿ ಬಿಟ್ಟು ಹೇಳಲಿಲ್ಲ.

ಗುಳೇದಗುಡ್ಡದಲ್ಲಿ ನಲವತ್ತು ವರ್ಷ ನಾಟಿ ಔಷಧ ಕೊಟ್ಟವಳು ಅವಳು. ಗಿಡದ ಹೆಸರು ಹೇಳಿದರೆ ಅದರ ಗುಣ ಹೋಗುತ್ತದೆಂದು ಅಪ್ಪ ಸಾಯುವ ಮುಂಚೆ ಭಾಷೆ ತೆಗೆದುಕೊಂಡಿದ್ದ. ಸ್ವಂತ ಸೊಸೆ ಕೇಳಿದರೂ ಹೇಳದ ಗಟ್ಟಿಗಿತ್ತಿ. ತೋರಿಸಬಾರದು ಅಂತ ಅಪ್ಪ ಅಂದಿರಲಿಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡು ಬಸ್ಸಿನಲ್ಲಿ ಬಂದಿದ್ದಳು.

ಬರದೆ ಗತಿಯಿರಲಿಲ್ಲ. ಪಕ್ಕದ ಮನೆಯ ಸಾವಿತ್ರೆವ್ವ, ಮಗ್ಗದಲ್ಲಿ ರವಿಕೆಯ ಖಣ ನೇಯುವವಳು, ಕುತ್ತಿಗೆಯ ಗಂಟು ಕ್ಯಾನ್ಸರೆಂದು ತಿಳಿದ ಮೇಲೆ ಬಾಗಲಕೋಟೆಯ ಈ ಆಸ್ಪತ್ರೆಗೆ ಬಂದು ಎರಡು ಸಲ ಕಿಮೋ ಮಾಡಿಸಿಕೊಂಡಿದ್ದಳು. ಗಂಟು ಕರಗುತ್ತಿತ್ತು. ಇನ್ನೂ ಬೇಗ ಕರಗಲೆಂದು ಗೆಳತಿಯರಿಬ್ಬರೂ ಡಾಕ್ಟರಿಗೆ ಹೇಳದೆ ಈ ಗಿಡದ ಕಷಾಯವನ್ನೂ ಶುರು ಮಾಡಿದರು. ಮೂರನೆಯ ಸಲ ಕಿಮೋಗೆ ಬರುವಷ್ಟರಲ್ಲಿ ಸಾವಿತ್ರೆವ್ವನ ಕಣ್ಣು ಹಳದಿಯಾಗಿತ್ತು. ಕುಡಿದದ್ದು ಏನೆಂದು ಗೊತ್ತಾಗದೆ ಕಿಮೋ ಮುಂದುವರಿಸುವುದಿಲ್ಲ ಎಂದು ಡಾಕ್ಟರ್ ಐಶ್ವರ್ಯ ಖಂಡಿತವಾಗಿ ಹೇಳಿದ್ದರು.

ಈಗ ಅವರು ಎಲೆ ತಿರುವಿ ನೋಡಿದರು, ಫೋಟೊ ತೆಗೆದು ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರಿಗೆ ಕಳಿಸಿದರು. ಅರ್ಧ ತಾಸಿಗೆ ಉತ್ತರ ಬಂತು. ಡಾಕ್ಟರ್ ಅದನ್ನು ಓದಿ, ಇದು ಲಿವರಿಗೆ ಭಾರ, ಕಷಾಯ ಇವತ್ತೇ ನಿಲ್ಲಲಿ, ರಕ್ತ ಸರಿಹೋದ ಮೇಲೆ ಕಿಮೋ ಕೊಡೋಣ ಎಂದರು. ಗಿಡದಲ್ಲಿ ಸತ್ವ ಇರಲೂಬಹುದು, ಪರೀಕ್ಷೆಗೆ ಕಳಿಸುತ್ತೇನೆ ಎಂದೂ ಸೇರಿಸಿದರು.

ಹಜರತಬಿ ಗಿಡವನ್ನು ಮೇಜಿನ ಅಂಚಿಗೆ ಸರಿಸಿದಳು. "ತಪ್ಪು ನಂದರಿ. ಅಕಿ ಜೀವಕ್ಕ ನಾನ ಎರವಾಗತಿದ್ನಿ."

ಡಾಕ್ಟರ್ ಬಯ್ಯಲಿಲ್ಲ. ಸಾವಿತ್ರೆವ್ವನಿಗೆ ಕೊಡುವ ಔಷಧಗಳಲ್ಲಿ ಒಂದರ ಪುಟ್ಟ ಸೀಸೆ ತೋರಿಸಿ, ಇದೂ ಗಿಡದ್ದೇ, ಅಂಗಳದಲ್ಲಿ ಬೆಳೆಯುವ ಸದಾಪುಷ್ಪದ್ದು ಎಂದರು. ಹಜರತಬಿ ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಹೆಸರು ಹಿಂಗ ಎಲ್ಲಾರ ಮುಂದ ಹೇಳಿದ್ರ ಗುಣಾ ಹೋಗೂದಿಲ್ಲೇನ್ರಿ?"

"ಹೆಸರು ಗೊತ್ತಾತು, ಅದಕ್ಕ ಎಷ್ಟು ಕೊಟ್ರ ಔಷಧ, ಎಷ್ಟು ಕೊಟ್ರ ವಿಷ ಅನ್ನೂದೂ ಗೊತ್ತಾತ್ರಿ, ಅಮ್ಮಾ."

ಸಾವಿತ್ರೆವ್ವನ ಕಣ್ಣು ತಿಳಿಯಾಗಲು ಒಂದು ತಿಂಗಳು ಹಿಡಿಯಿತು. ಮತ್ತೆ ಕಿಮೋ ಶುರುವಾದ ದಿನ ಹಜರತಬಿ ಮಂಚದ ಪಕ್ಕ ಕೂತಿದ್ದಳು. ಡಾಕ್ಟರ್ ಬಂದಾಗ ಅವರ ಕೈ ಹಿಡಿದು ಕೂರಿಸಿಕೊಂಡಳು.

"ಬರಕೋರಿ," ಎಂದಳು.

ಮೊದಲನೆಯ ಗಿಡದ ಹೆಸರು ಹೇಳಿ ಹೆದರಿ ಗೆಳತಿಯ ಕಡೆ ನೋಡಿದಳು. ಸಾವಿತ್ರೆವ್ವ ಕಣ್ಣು ಮುಚ್ಚಿ ಹಾಯಾಗಿ ಮಲಗಿದ್ದಳು, ಬಾಟಲಿಯ ಹನಿ ಒಂದರ ಹಿಂದೊಂದು ಬೀಳುತ್ತಲೇ ಇತ್ತು. ಹಜರತಬಿ ಎರಡನೆಯ ಹೆಸರು ಹೇಳಿದಳು.