ಮೇಜಿನ ಮೇಲಿಟ್ಟ ವಿಮಾನ

ಮರದ ವಿಮಾನ ಎಂದರೆ ಸಾಕು, ಸಿಡ್ನಿಯ ಅಧಿಕಾರಿಗಳೆಲ್ಲ ಮೂಗು ಮುರಿಯುತ್ತಿದ್ದರು. ಯುದ್ಧಕಾಲ, ಅಲ್ಯೂಮಿನಿಯಂ ಸಿಗುತ್ತಿಲ್ಲ. ನ್ಯೂಗಿನಿಯ ಕಾಡಿನಲ್ಲಿ ಕಾದಾಡುತ್ತಿರುವ ಹುಡುಗರು ಮದ್ದುಗುಂಡಿಗೂ ಡಬ್ಬಿಮಾಂಸಕ್ಕೂ ಬಾಯಿ ಬಿಡುತ್ತಿದ್ದಾರೆ. ಪ್ಲೈವುಡ್ಡಿನಲ್ಲೇ ಸಾಗಣೆ ವಿಮಾನ ಕಟ್ಟಿಕೊಡುತ್ತೇನೆಂದು ಎಂಜಿನಿಯರ್ ಕ್ಲೈವ್ ಟ್ರೆಗೆನ್ಜಾ ಕಚೇರಿ ಕಚೇರಿ ಅಲೆದು ಬೂಟು ಸವೆಸಿದ್ದ. ಒಂದನ್ನು ಕಟ್ಟಿ ಹಾರಿಸಿಯೂ ತೋರಿಸಿದ್ದ. ಮೂತಿಯನ್ನು ಬಾಗಿಲಿನಂತೆ ತೆರೆದರೆ ಜೀಪು ನೇರ ಒಳಗೆ ಹೋಗುತ್ತಿತ್ತು. ಇನ್ನೇನು ಬೇಕಿತ್ತು ಈ ಮಹಾನುಭಾವರಿಗೆ? ಒಬ್ಬರು ಗೆದ್ದಲು ಎಂದರು, ಇನ್ನೊಬ್ಬರು ಮಳೆ ಎಂದರು, ಮತ್ತೊಬ್ಬರು ಊಟದ ಹೊತ್ತಾಯಿತು ಎಂದರು.

ಕಡೆಗೆ ಅಮೆರಿಕನ್ನರೂ ಕೂರುವ ಜಂಟಿ ಸಭೆಗೆ ಕರೆ ಬಂತು. ಅಲ್ಲಿ ಒಪ್ಪಿಗೆ ಸಿಕ್ಕರೆ ಇನ್ನಷ್ಟು ವಿಮಾನ, ಇಲ್ಲವಾದರೆ ವಿಮಾನ ಕಟ್ಟುವ ಶೆಡ್ಡಿಗೆ ಬೀಗ. ಅಮೆರಿಕದ ಕರ್ನಲ್ ಲಾಥ್ರಪ್ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಈ ಮರದ ವಿಷಯಾನ ಮೇಜಿನ ಮೇಲಿಡೋಣ" ಎಂದ.

ಕ್ಲೈವ್ ಕುರ್ಚಿಯಿಂದ ಎದ್ದೇಬಿಟ್ಟ. ಸಿಡ್ನಿಯಲ್ಲಿ ವಿಷಯವನ್ನು ಮೇಜಿನ ಮೇಲಿಡುವುದೆಂದರೆ ಅದನ್ನು ಕೂಡಲೇ ಕೈಗೆತ್ತಿಕೊಳ್ಳುವುದು.

"ಇಡಿ ಸಾರ್, ಇವತ್ತೇ ಇಡಿ. ನಾನೇ ಕೇಳ್ಕೋಬೇಕು ಅಂತಿದ್ದೆ."

ಕರ್ನಲ್ ಎದ್ದು ಬಂದು ಕೈ ಕುಲುಕಿದ. ಇಂಥ ತಿಳಿವಳಿಕಸ್ಥ ಎಂಜಿನಿಯರನ್ನು ತಾನು ಕಂಡೇ ಇಲ್ಲವೆಂದ. ಊರಿನ ಅಧಿಕಾರಿಗಳು ಮಾತ್ರ ಹುಚ್ಚನನ್ನು ನೋಡುವಂತೆ ನೋಡಿದರು. ಹೊಟ್ಟೆಕಿಚ್ಚು, ಉರಿದುಕೊಳ್ಳಲಿ ಎಂದುಕೊಂಡು ಕ್ಲೈವ್ ಶೆಡ್ಡಿಗೆ ಓಡಿದ. ಗೆದ್ದೆವೆಂದು ಎಲ್ಲರಿಗೂ ಸಾರಿದ. ಬೆಳಗ್ಗೆಯೇ ಹೊಸ ರೆಕ್ಕೆಗೆ ಅಂಟು ಕಲಸಬೇಕೆಂದು ಅಂಟಿನ ಕೆಲಸದ ಮುಖ್ಯಸ್ಥೆ ಎಡ್ನಾಗೆ ಹೇಳಿದ. ಅವಳ ಗಂಡ ನ್ಯೂಗಿನಿಯಲ್ಲೇ ಇದ್ದ. ಅವಳು ಇವನ ಕೆನ್ನೆಗೆ ಮುತ್ತಿಟ್ಟಳು.

ಬೆಳಗ್ಗೆ ಬಂದದ್ದು ಸೇನೆಯ ಲಾರಿ. ಉಳಿದ ಪ್ಲೈವುಡ್ಡನ್ನೆಲ್ಲ ಹೇರಿಕೊಂಡು ಹೋಗಲು ಅಪ್ಪಣೆಯಾಗಿತ್ತು. ಕ್ಲೈವ್ ಮೈಯೆಲ್ಲ ಉರಿದು ಸಭೆಯ ಕಾರ್ಯದರ್ಶಿಗೆ ಫೋನು ಮಾಡಿದ.

"ಏನ್ ಮಾರಾಯ, ನೀನೇ ಅಲ್ವಾ ಇವತ್ತೇ ಇಡಿ ಅಂದಿದ್ದು?" ಎಂದ ಅವನು. "ಅಮೆರಿಕನ್ನರಲ್ಲಿ ಮೇಜಿನ ಮೇಲಿಡೋದು ಅಂದ್ರೆ ಮೂಲೆಗೆ ಹಾಕೋದು. ವರ್ಷದಿಂದ ಅವ್ರ ಜೊತೆ ಕೂತು ನಾವೆಲ್ಲ ಕಲ್ತಿದೀವಿ. ನೀನೂ ಗೊತ್ತಿದ್ದೇ ಕೈಬಿಟ್ಟೆ ಅಂದ್ಕೊಂಡ್ವಿ."

ಮತ್ತೆ ಎತ್ತಿಕೊಳ್ಳಿ ಎಂದು ಕ್ಲೈವ್ ಅಂಗಲಾಚಿದ. ವಿನ್ಯಾಸ ಮಾಡಿದವನೇ ಒಪ್ಪಿದ ಮೇಲೆ ಇನ್ನು ಯಾರು ಎತ್ತುತ್ತಾರೆ ಎಂದು ಫೋನು ಇಟ್ಟ ಅವನು.

ಲಾರಿ ತುಂಬುತ್ತಿತ್ತು. ಎಡ್ನಾ ಮೊಣಕೈವರೆಗೂ ಅಂಟು ಮೆತ್ತಿಕೊಂಡು ನಿಂತಿದ್ದಳು. "ಯಾರು ಬೇಡ ಅಂದಿದ್ದು, ಕ್ಲೈವ್?"

ಅಮೆರಿಕದವನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. "ನಾನೇ," ಎಂದ.

ಅವಳು ಅಂಟಿನ ಬಕೆಟ್ಟಿನ ಕಡೆ ತಿರುಗಿದಳು.

"ಕಲಸಿಬಿಟ್ಟಿದೀನಲ್ಲ," ಎಂದಳು. "ಇದನ್ನ ಎಲ್ಲಿ ಸುರೀಲಿ?"